ಬೆಡ್‌ರೂಮು ಆಮೇಲೆ, ಮೊದಲು ತಳ ನೋಡಿ

ಕಳೆದ ಫೆಬ್ರವರಿಯಲ್ಲಿ ಮಣಿಪಾಲದ ದಂಪತಿ ನನ್ನನ್ನು ಹುಡುಕಿಕೊಂಡು ಮಂಗಳೂರಿನ ಹಳೆ ಬಂದರಿಗೆ ಬಂದಿದ್ದರು. ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೊರಟ ಮಂಜಿಯೊಂದಕ್ಕೆ, ಅಂದರೆ ಸರಕು ಸಾಗಿಸುವ ಮರದ ಹಡಗಿಗೆ, ಸಿಮೆಂಟು, ಈರುಳ್ಳಿ, ಅಕ್ಕಿ ಏರುತ್ತಿತ್ತು. ಆ ಗದ್ದಲದ ಮಧ್ಯೆಯೇ ಹೆಂಡತಿ ಮೊಬೈಲ್ ತೆಗೆದು ನನ್ನ ಮುಖದ ಮುಂದೆ ಹಿಡಿದರು. ಇಂಡೋನೇಷ್ಯಾದ ಲಬುವಾನ್ ಬಾಜೊ, ಕೊಮೊಡೊ ದ್ವೀಪಗಳು, ಐದು ರಾತ್ರಿ. ಎರಡು ಕೂವೆಮರದ (ಹಾಯಿ ಕಟ್ಟುವ ಕಂಬ) ದೊಡ್ಡ ಮರದ ಹಡಗು, ಏಳೆಂಟು ಹಾಯಿ, ಹಿಂದೆ ಕಿತ್ತಳೆ ಬಣ್ಣದ ಆಕಾಶ. "ಸಾರ್, ಮುಂಗಡ ಕೊಡುವ ಮೊದಲು ಒಂದು ಮಾತು ಕೇಳುವ ಅಂತ. ಇದು ಸೇಫ್ ಉಂಟಾ?"

ಮೂವತ್ತು ವರ್ಷದಿಂದ ಮರದ ಹಡಗುಗಳ ಸರ್ವೆ ಮಾಡಿಕೊಂಡು ಬಂದವನು ನಾನು. ಒಂದು ಸುತ್ತಿಗೆ, ಒಂದು ದಬ್ಬಳ, ಒಂದು ಟಾರ್ಚು ನನ್ನ ಆಯುಧಗಳು. ಮಂಜಿ, ಮೀನುಗಾರಿಕೆ ದೋಣಿ, ಆಗೊಮ್ಮೆ ಈಗೊಮ್ಮೆ ಯಾರೋ ಶ್ರೀಮಂತರ ಹಾಯಿದೋಣಿ. ಈ ನಾಲ್ಕೈದು ವರ್ಷಗಳಲ್ಲಿ ಹೊಸ ಬಗೆಯ ಗಿರಾಕಿಗಳು ಬರತೊಡಗಿದ್ದಾರೆ, ರಜೆಗೆ ಮರದ ಹಾಯಿಹಡಗು ಹತ್ತುವವರು. ಟರ್ಕಿಯ ಗುಲೆತ್, ಇಂಡೋನೇಷ್ಯಾದ ಪಿನಿಸಿ, ಒಮಾನಿನ ಧೌ. ಫೋಟೊ ನೋಡಿ ಸೇಫಾ ಎಂದು ಹೇಳುವುದು ಎಕ್ಸ್‌ರೇ ಇಲ್ಲದೆ ಮೂಳೆ ನೋಡಿದ ಹಾಗೆ. ಆದರೂ ಫೋಟೊದಿಂದ ಸ್ವಲ್ಪ ತಿಳಿಯುತ್ತದೆ.

ಆ ಫೋಟೊದಲ್ಲಿ ಹಾಯಿಗಳೇನೋ ಬಿಚ್ಚಿಕೊಂಡಿದ್ದವು, ಆದರೆ ಒಂದರ ಹೊಟ್ಟೆಯಲ್ಲೂ ಗಾಳಿಯಿರಲಿಲ್ಲ. ತುದಿಯ ಬಾವುಟ ನೇರ ಹಿಂದಕ್ಕೆ ಹಾರುತ್ತಿತ್ತು. ಗಾಳಿಯ ಬಲದಲ್ಲಿ ಓಡುವ ಹಡಗಿನ ಬಾವುಟ ಹಾಗೆ ನೇರ ಹಿಂದಕ್ಕೆ ಹಾರುವುದಿಲ್ಲ. ಹಡಗು ಗಾಳಿಗೆ ಎದುರಾಗಿ ಇಂಜಿನ್ನಿನಲ್ಲಿ ಹೋಗುತ್ತಿತ್ತು, ಹಾಯಿ ಫೋಟೊಕ್ಕಾಗಿ ಬಿಚ್ಚಿದ್ದು. ಇದು ಮೋಸ ಎಂದು ನಾನು ಹೇಳುವುದಿಲ್ಲ. ಮದುವೆ ಫೋಟೊದಲ್ಲಿ ಎಲ್ಲರೂ ನಗುವುದಿಲ್ಲವೇ? ಆದರೆ ಸಾಹಸದ ಪ್ರವಾಸ ಎಂದು ಹಣ ಕೊಡುವವರು ಒಂದು ಪ್ರಶ್ನೆ ಕೇಳಬೇಕು: ದಿನಕ್ಕೆ ಎಷ್ಟು ಗಂಟೆ ಇಂಜಿನ್ ಆಫ್ ಇರುತ್ತದೆ? ಗುಲೆತ್ ಆಗಲಿ ಪಿನಿಸಿ ಆಗಲಿ, ಇವತ್ತು ಹೆಚ್ಚಿನವು ಡೀಸೆಲ್ಲಿನಲ್ಲೇ ಓಡುವ ಹಡಗುಗಳು. ದಕ್ಷಿಣ ಸುಲವೆಸಿಯ ಪಿನಿಸಿ ಕಟ್ಟುವ ಕಲೆಯನ್ನು ಯುನೆಸ್ಕೊ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಯುನೆಸ್ಕೊ ಗೌರವಿಸಿದ್ದು ಕಟ್ಟುವ ಕೈಗಳನ್ನು, ಅದೇ ಹೆಸರಿನಲ್ಲಿ ಮಾರಾಟವಾಗುವ ಪ್ರತಿ ಪ್ಯಾಕೇಜನ್ನಲ್ಲ.

ಫೋಟೊದಲ್ಲಿ ನನಗೆ ಕಂಡ ಎರಡನೆಯ ಸಂಗತಿ ಹಾಯಿಗಿಂತ ಮುಖ್ಯ. ಡೆಕ್ಕಿನ ಮೇಲೆ ಮೂರು ಅಂತಸ್ತು ಕೋಣೆ. ಕೊನೆಯ ಅಂತಸ್ತಿನ ಮೇಲೆ ನೀರಿನ ತೊಟ್ಟಿ, ಸೋಫಾ, ಹತ್ತು ಜನ ಕೂರುವ ಊಟದ ಮೇಜು.

ಇಲ್ಲೇ ದಕ್ಕೆಯಲ್ಲಿದ್ದ ಮಂಜಿಯನ್ನು ತೋರಿಸಿ ವಿವರಿಸಿದೆ. ನಮ್ಮ ಮಂಜಿ ಹುಟ್ಟಿದ್ದು ಹೊಟ್ಟೆಯಲ್ಲಿ ಭಾರ ಹೊರಲಿಕ್ಕೆ. ತಳದಲ್ಲಿ ಸಿಮೆಂಟು ಅಕ್ಕಿ ಕೂತ ಮೇಲೆ ಅದು ತಂಜಾವೂರಿನ ಗೊಂಬೆಯ ಹಾಗೆ, ಎಷ್ಟು ವಾಲಿಸಿದರೂ ಎದ್ದು ಕೂರುತ್ತದೆ. ಸರಕು ಇಳಿಸಿ ಖಾಲಿ ಬರಬೇಕಾದರೆ ತಂಡೇಲ (ಹಡಗು ನಡೆಸುವ ನಾಯಕ) ಕಲ್ಲೋ ಮರಳೋ ಏನಾದರೂ ತಳಕ್ಕೆ ತುಂಬಿಸದೆ ಅಳಿವೆ ದಾಟುವುದಿಲ್ಲ. ಈಗ ಇದೇ ಮಂಜಿಯ ಹೊಟ್ಟೆ ಖಾಲಿ ಮಾಡಿ, ಭಾರವನ್ನೆಲ್ಲ ಮೇಲೆ ಕೋಣೆಗಳಾಗಿ ಕಟ್ಟಿದರೆ ಏನಾಗುತ್ತದೆ? ಗೊಂಬೆಯನ್ನು ತಲೆಕೆಳಗು ಮಾಡಿದ ಹಾಗೆ. ಕೇರಳದ ಭತ್ತದ ದೋಣಿಗಳನ್ನೂ ಹೀಗೇ ಹೌಸ್‌ಬೋಟ್ ಮಾಡಿದರು, ಆದರೆ ಅದು ಹಿನ್ನೀರು, ಅಲ್ಲಿ ಅಲೆಯಿಲ್ಲ. ಕಡಲಿನಲ್ಲಿ ಲೆಕ್ಕ ಬೇರೆ.

ಇದನ್ನು ಪರೀಕ್ಷಿಸಲು ಇಂಜಿನಿಯರಿಂಗ್ ಓದಿರಬೇಕಾಗಿಲ್ಲ. ಹಡಗು ಹತ್ತುವ ಮೊದಲು ದಡದಲ್ಲಿ ಐದು ನಿಮಿಷ ನಿಂತು, ಪಕ್ಕದಲ್ಲಿ ಬೇರೊಂದು ದೋಣಿ ಹಾದುಹೋಗುವಾಗ ನೀವು ಹತ್ತಬೇಕಾದ ಹಡಗು ಓಲಾಡುವುದನ್ನು ನೋಡಿ. ವಾಲಿ ತಟಕ್ಕನೆ ಎದ್ದರೆ ನಿಮ್ಮ ಹೊಟ್ಟೆ ತೊಳಸಬಹುದು, ಆದರೆ ಹಡಗಿಗೆ ಅದು ಒಳ್ಳೆಯ ಲಕ್ಷಣ. ವಾಲಿದ್ದು ಅಲ್ಲೇ ಒಂದು ಕ್ಷಣ ನಿಂತು, ಏಳಲೋ ಬೇಡವೋ ಎಂದು ಯೋಚನೆ ಮಾಡಿ ನಿಧಾನ ಎದ್ದರೆ, ಮೇಲ್ಭಾರ ಜಾಸ್ತಿ ಎಂದರ್ಥ. ಹತ್ತಿದ ಮೇಲೆ ನೋಡಿದರೂ ಆಯಿತು ಅಂದುಕೊಳ್ಳಬೇಡಿ. ಹತ್ತಿದ ಮೇಲೆ ಯಾರೂ ಇಳಿಯುವುದಿಲ್ಲ, ಹಣ ಕೊಟ್ಟಾಗಿರುತ್ತದೆ. ಇನ್ನು ಡಾಲ್ಫಿನ್ ಕಂಡಿತೆಂದು ಮೇಲಂತಸ್ತಿನವರೆಲ್ಲ ಒಂದೇ ಬದಿಗೆ ಓಡುವುದು ಎಷ್ಟು ಅಪಾಯ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಜನರ ಸಂಖ್ಯೆಯದ್ದೂ ಒಂದು ಸೂಕ್ಷ್ಮ. ಅಂತರರಾಷ್ಟ್ರೀಯ ನಿಯಮದಲ್ಲಿ 12ಕ್ಕಿಂತ ಹೆಚ್ಚು ಪ್ರಯಾಣಿಕರಿದ್ದರೆ ಅದು ಪ್ರಯಾಣಿಕರ ಹಡಗು. ಅದರ ಸುರಕ್ಷೆಯ ಕಟ್ಟಳೆಗಳು ತುಂಬ ಬಿಗಿ. ಹೊರದೇಶದ ಅನೇಕ ಚಿಕ್ಕ ಮರದ ಹಡಗುಗಳು ಸರಿಯಾಗಿ 12ಕ್ಕೇ ನಿಲ್ಲುವುದು ಇದಕ್ಕೇ. 12 ಎಂದು ಜಾಹೀರಾತು ಹಾಕಿ, ನೀವು ಹೋದಾಗ ಡೆಕ್ಕಿನ ಮೇಲೆ ಹದಿನೇಳು ಜನ ಚಾಪೆ ಹಾಸಿದ್ದರೆ ವಾಪಸು ಬನ್ನಿ.

ಇಷ್ಟು ಹೇಳುವಷ್ಟರಲ್ಲಿ ಗಂಡನಿಗೆ ಬೇಸರ ಬಂದಿತ್ತು. "ಮರ ಅಲ್ವಾ ಸಾರ್, ನೀರು ಒಳಗೆ ಬರುದಿಲ್ವಾ?" ಎಂದರು. ಸರಿಯಾದ ಪ್ರಶ್ನೆ ಇದೇ. ನೀರು ಬಂದೇ ಬರುತ್ತದೆ. ಒಂದು ಹನಿಯೂ ಬರುವುದಿಲ್ಲ ಎಂದು ಮಾಲೀಕ ಹೇಳಿದರೆ ಅವನು ಸುಳ್ಳು ಹೇಳುತ್ತಾನೆ ಅಥವಾ ತನ್ನ ಹಡಗಿನ ತಳ ನೋಡಿಲ್ಲ. ಮರದ ಹಡಗು ನೀರು ಕುಡಿಯುತ್ತದೆ. ಎಷ್ಟು ಕುಡಿಯುತ್ತದೆ, ಎಲ್ಲಿಂದ ಕುಡಿಯುತ್ತದೆ ಎಂಬುದಷ್ಟೇ ವಿಷಯ.

ಹಲಗೆಗೂ ಹಲಗೆಗೂ ನಡುವಿನ ಸಂದಿಗೆ ಹತ್ತಿಯ ಹುರಿ ಹೊಡೆದು, ಮೇಲೆ ರಾಳ ಮತ್ತು ಎಣ್ಣೆಯ ಮುದ್ದೆ ತುಂಬುತ್ತಾರೆ. ನೀರಿನಲ್ಲಿ ನಿಂತಾಗ ಹಲಗೆ ಉಬ್ಬಿ ಹತ್ತಿಯನ್ನು ಬಿಗಿ ಹಿಡಿಯುತ್ತದೆ. ದಡಕ್ಕೆಳೆದು ತಿಂಗಳುಗಟ್ಟಲೆ ಬಿಟ್ಟರೆ ಒಣಗಿ ಸಂದಿ ಬಾಯಿ ತೆರೆಯುತ್ತದೆ. ಇಲ್ಲಿ ಮಳೆಗಾಲ ಹಿಡಿಯುವ ಮುನ್ನ ಮಂಜಿಗಳು ಓಡಾಟ ನಿಲ್ಲಿಸಿ, ಸೆಪ್ಟೆಂಬರಿನ ಸುಮಾರಿಗೆ ಮತ್ತೆ ಹೊರಡುತ್ತವೆ. ಮೇಲೆಳೆದು ಇಟ್ಟಿದ್ದನ್ನು ಮತ್ತೆ ನೀರಿಗೆ ಬಿಟ್ಟ ಮೊದಲ ಎರಡು ಮೂರು ದಿನ ಪಂಪು ಹಗಲೂ ರಾತ್ರಿ ಓಡುತ್ತಿರುತ್ತದೆ. ಆಮೇಲೆ ತಾನಾಗಿ ಬಾಯಿ ಮುಚ್ಚಿಕೊಳ್ಳುತ್ತದೆ. ಹಾಗಾಗಿ ಯಾವ ದೇಶವೇ ಆಗಲಿ, ಸೀಸನ್ನಿನ ಮೊದಲ ಟ್ರಿಪ್ಪು ರಿಯಾಯಿತಿ ದರದಲ್ಲಿ ಸಿಕ್ಕಿತೆಂದು ಹಾರಬೇಡಿ.

ಓದುಗರಿಗೆ ವಿಚಿತ್ರ ಅನ್ನಿಸಬಹುದು, ಮರದ ಹಡಗಿಗೆ ಕಡಲ ನೀರು ಅಷ್ಟು ದೊಡ್ಡ ಶತ್ರುವಲ್ಲ. ಉಪ್ಪು ಮರವನ್ನು ಕಾಯುತ್ತದೆ, ಉಪ್ಪಿನಕಾಯಿ ಕೆಡದ ಹಾಗೆ. ಮರವನ್ನು ತಿನ್ನುವುದು ಮಳೆನೀರು. ಡೆಕ್ಕಿನ ಸಣ್ಣ ಬಿರುಕಿನಿಂದ ಇಳಿದು, ಗಾಳಿಯಾಡದ ಮೂಲೆಯಲ್ಲಿ ಕೂತು, ಒಳಗೊಳಗೇ ಕೊಳೆಸುತ್ತದೆ. ಹಳೆಯ ಖಲಾಸಿಗಳು ಬೆಳಿಗ್ಗೆ ಎದ್ದು ಡೆಕ್ಕಿಗೆ ಕಡಲ ನೀರು ಹೊಯ್ಯುವುದು ಬರೀ ಸ್ವಚ್ಛತೆಗಲ್ಲ. ನೀವು ಹತ್ತಿದ ಹಡಗಿನಲ್ಲಿ ಹುಡುಗನೊಬ್ಬ ಬೆಳಿಗ್ಗೆ ಆರಕ್ಕೆ ಬಕೆಟ್ಟಿನಲ್ಲಿ ಕಡಲ ನೀರು ಸೇದಿ ಡೆಕ್ ತೊಳೆದು ನಿದ್ದೆ ಕೆಡಿಸಿದರೆ ಅವನಿಗೆ ಬೈಯಬೇಡಿ. ಮರ ತಿನ್ನುವ ಹುಳುವಿನ ಕತೆ ಇದಕ್ಕೆ ಪೂರಾ ಉಲ್ಟಾ. ಅದಕ್ಕೆ ಉಪ್ಪುನೀರೇ ಬೇಕು, ಸಿಹಿನೀರಿನಲ್ಲಿ ಸಾಯುತ್ತದೆ. ಮಳೆಗಾಲದಲ್ಲಿ ಗುರುಪುರ ನದಿಯ ನೀರು ಸಿಹಿಯಾದಾಗ ಒಳಗೆ ಕಟ್ಟಿಹಾಕಿದ ದೋಣಿಗೆ ಪುಕ್ಕಟೆ ಔಷಧ ಸಿಕ್ಕಂತೆ.

ಕೊಳೆತದ್ದನ್ನು ಹುಡುಕುವುದು ಕಿವಿಯ ಕೆಲಸ. ಬೆಂಗ್ರೆಯಲ್ಲಿ ದಡಕ್ಕೆಳೆದ ಹಡಗಿನ ಅಡಿಯಲ್ಲಿ ಅಂಗಾತ ಮಲಗಿ ಒಂದೊಂದೇ ಹಲಗೆಗೆ ಸುತ್ತಿಗೆಯಿಂದ ಕುಟ್ಟುತ್ತಾ ಹೋಗುತ್ತೇನೆ. ಗಟ್ಟಿ ಸಾಗುವಾನಿ ಠಣ್ ಎನ್ನುತ್ತದೆ, ಸುತ್ತಿಗೆ ಪುಟಿಯುತ್ತದೆ. ಕೊಳೆತ ಕಡೆ ಡಬ್ ಎಂದು ಸದ್ದು ಅಲ್ಲೇ ಸಾಯುತ್ತದೆ. ಅಲ್ಲಿ ದಬ್ಬಳ ಚುಚ್ಚಿದರೆ ನೆನೆದ ಅವಲಕ್ಕಿಯ ಹಾಗೆ ಮರ ತುದಿಗಂಟಿ ಬರುತ್ತದೆ. ಕಬ್ಬಿಣದ ಮೊಳೆಯ ಸುತ್ತ ಕಪ್ಪು ಕಣ್ಣೀರಿನಂತೆ ಇಳಿದ ಕಲೆ ಕಂಡರೆ, ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿಂದಿದೆ. ಹೆಬ್ಬಲಸಿನ ಬಾಗುಮರ, ಸಾಗುವಾನಿ ಹಲಗೆ ಎರಡೂ ನೂರು ವರ್ಷ ಬಾಳಬಲ್ಲವು. ಅವನ್ನು ಹಿಡಿದ ಮೊಳೆ ಬಾಳುವುದಿಲ್ಲ. ಹಿಂದಿನವರು ಮೊಳೆಯೇ ಬೇಡವೆಂದು ತೆಂಗಿನ ನಾರಿನ ಹಗ್ಗದಲ್ಲಿ ಹಲಗೆ ಹೊಲಿಯುತ್ತಿದ್ದರು. ಹಾಗೆ ಹೊಲಿದ ಹಡಗನ್ನೇ ನಮ್ಮ ನೌಕಾಪಡೆ 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ಐಎನ್‌ಎಸ್‌ವಿ ಕೌಂಡಿನ್ಯ ಎಂದು ಹೆಸರಿಟ್ಟು ಸೇರಿಸಿಕೊಂಡಿತು. ಅಜಂತಾದ ಚಿತ್ರ ನೋಡಿ ಕಟ್ಟಿದ್ದು.

ಕಿವಿಗೂ ಒಮ್ಮೊಮ್ಮೆ ಮೋಸವಾಗುತ್ತದೆ. ನಾನು ಈ ಕೆಲಸಕ್ಕೆ ಬಂದ ಮೂರನೇ ವರ್ಷ. ಆಗಷ್ಟೇ ಬಣ್ಣ ಹೊಡೆದ ಹಡಗು, ಮಾಲೀಕರಿಗೆ ಉಬ್ಬರ ತಪ್ಪಿಹೋಗುವ ಆತುರ. ಹಿಂಭಾಗದಲ್ಲಿ ಒಳಹಲಗೆ ಬಿಚ್ಚಿಸಿ ನೋಡಬೇಕಿತ್ತು, ಬಿಚ್ಚಿಸಲಿಲ್ಲ. ಎರಡೇ ತಿಂಗಳಿಗೆ ಅದು ಎರಡೂ ಪಂಪು ಓಡಿಸಿಕೊಂಡು, ಸಾಲದ್ದಕ್ಕೆ ಬಕೆಟ್ಟಿನಲ್ಲೂ ನೀರು ಎತ್ತಿಕೊಂಡು ಅಳಿವೆಯೊಳಗೆ ಬಂತು. ಯಾರಿಗೂ ಏನೂ ಆಗಲಿಲ್ಲ. ತಂಡೇಲ ನನ್ನನ್ನು ಕರೆದು ಅಂಗೈಯಗಲದ ಮರದ ಚೂರೊಂದನ್ನು ಕೈಗಿಟ್ಟರು. ಒಂದು ಮಾತೂ ಆಡಲಿಲ್ಲ. ಆ ಚೂರು ಈಗಲೂ ನನ್ನ ಮೇಜಿನ ಮೇಲಿದೆ. ಹೊಸ ಬಣ್ಣ ಕಂಡರೆ ನನಗೆ ಈಗಲೂ ಸಂಶಯವೇ.

ಪ್ರವಾಸಿಗಳು ಅಂಗಾತ ಮಲಗಿ ಕುಟ್ಟಬೇಕಾಗಿಲ್ಲ. ಹಡಗು ಹತ್ತಿದ ಕೂಡಲೇ ನಗುನಗುತ್ತಾ "ತಳ ತೋರಿಸ್ತೀರಾ?" ಎಂದು ಕೇಳಿ. ಎಲ್ಲ ಹಡಗಿಗೂ ಅತ್ಯಂತ ಕೆಳಗೆ, ಸೋರಿದ ನೀರು ಬಂದು ಸೇರುವ ಹೊಂಡವೊಂದಿರುತ್ತದೆ, ಬಿಲ್ಜ್ ಎನ್ನುತ್ತಾರೆ. ಒಳ್ಳೆಯ ಸಿಬ್ಬಂದಿ ಹಲಗೆ ಎತ್ತಿ ಹೆಮ್ಮೆಯಿಂದ ತೋರಿಸುತ್ತಾರೆ. ನೀರು ಸ್ವಲ್ಪ ಇರಲಿ, ತೊಂದರೆಯಿಲ್ಲ. ಎಣ್ಣೆ ಪದರ, ಪ್ಲಾಸ್ಟಿಕ್ ಚೀಲ, ಸಿಗರೇಟು ತುಂಡು ತೇಲುತ್ತಿದ್ದರೆ ಯೋಚಿಸಿ. ಕಸ ಪಂಪಿನ ಬಾಯಿಗೆ ಸಿಕ್ಕಿದರೆ ಪಂಪು ಇದ್ದೂ ಇಲ್ಲದ ಹಾಗೆ. ವಿದ್ಯುತ್ ಪಂಪಿನ ಜೊತೆ ಕೈಪಂಪೂ ಇದೆಯೇ, ನಿನ್ನೆ ಎಷ್ಟು ಸಲ ಪಂಪು ಹಾಕಿದಿರಿ ಎಂದು ವಿಚಾರಿಸಿ. ಉತ್ತರಕ್ಕಿಂತ ಅವರು ಉತ್ತರಿಸುವ ರೀತಿ ನೋಡಿ. ಕೆಲಸ ಬಲ್ಲವನು ಸಂಖ್ಯೆ ಹೇಳುತ್ತಾನೆ. ಬಾರದವನು "ನೋ ಪ್ರಾಬ್ಲಂ" ಎನ್ನುತ್ತಾನೆ.

ಆ ಹೊಂಡಕ್ಕೆ ನೀರಷ್ಟೇ ಇಳಿಯುವುದಲ್ಲ. ಅಡುಗೆಯ ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ಬಾಗಿಲಿನ ಸಂದಿಯಿಂದ ಹೊರಹೋಗಬಹುದು, ಹಡಗಿನಲ್ಲಿ ಸೋರಿದರೆ ನೇರ ತಳಕ್ಕೆ ಹೋಗಿ ಮಡುಗಟ್ಟುತ್ತದೆ. ಅಲ್ಲೇ ಪಂಪಿನ ಸ್ವಿಚ್ಚೂ ಇರುತ್ತದೆ. ಮಿಕ್ಕದ್ದು ನೀವೇ ಊಹಿಸಿ. ನಮ್ಮ ಮಂಜಿಗಳಲ್ಲಿ ಅಡುಗೆಯ ಗೂಡು ಹಿಂಭಾಗದಲ್ಲಿ, ಡೆಕ್ಕಿನ ಮೇಲೆ ಇರುವುದು ಸುಮ್ಮನೆ ಅಲ್ಲ. ರಜೆಯ ಹಡಗಿನಲ್ಲಿ ಸಿಲಿಂಡರ್ ಎಲ್ಲಿಟ್ಟಿದ್ದಾರೆ ನೋಡಿ, ಹೊರಗೆ ತೆರೆದ ಜಾಗದಲ್ಲಿದ್ದರೆ ಸರಿ. 2019ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಬಳಿ ಕನ್ಸೆಪ್ಷನ್ ಎಂಬ ಡೈವಿಂಗ್ ಹಡಗು ರಾತ್ರಿ ಹೊತ್ತಿ ಉರಿದು ಕೆಳಗೆ ಮಲಗಿದ್ದ 34 ಜನ ಸತ್ತರು. ಮರದ ಹಡಗು. ಬೆಂಕಿ ಹುಟ್ಟಿದ್ದು ಎಲ್ಲಿಂದ ಎಂಬುದನ್ನು ಸುರಕ್ಷತಾ ತನಿಖೆ ನಿಶ್ಚಯಿಸಲಾಗಲಿಲ್ಲ, ಆದರೆ ರಾತ್ರಿ ಎಚ್ಚರವಿದ್ದು ಸುತ್ತು ಹಾಕುವ ಕಾವಲು ಇರಲಿಲ್ಲ ಎಂಬುದನ್ನು ಅದು ಎತ್ತಿ ತೋರಿಸಿತು. ಹಾಗಾಗಿ ಮಲಗುವ ಮೊದಲು ಎರಡು ಪ್ರಶ್ನೆ. ಇವತ್ತು ರಾತ್ರಿ ಯಾರು ಎಚ್ಚರ? ನನ್ನ ಕೋಣೆಯಿಂದ ಮೇಲೆ ಬರಲು ಎರಡನೇ ದಾರಿ ಎಲ್ಲಿ? ಮೊಬೈಲು, ಕ್ಯಾಮೆರಾ ಚಾರ್ಜಿಗೆ ಹಾಕಿ ನಿದ್ದೆ ಹೋಗಬೇಡಿ.

ಲೈಫ್ ಜಾಕೆಟ್ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಉದ್ದ ಎಳೆಯುವುದಿಲ್ಲ. ಹಾಕಿ ನೋಡಿ, ಕಟ್ಟಿ ನೋಡಿ. ಕಪಾಟಿಗೆ ಬೀಗ ಹಾಕಿದ್ದರೆ ಅದು ಇಲ್ಲದ ಲೆಕ್ಕ.

ಇನ್ನು ಗಾಳಿ. ಸಾಹಸ ಎಂದರೆ ಬಿರುಗಾಳಿ ಅಂದುಕೊಂಡವರೇ ಹೆಚ್ಚು. ಮರದ ಹಾಯಿಹಡಗಿನಲ್ಲಿ ಸಾಹಸ ಎಂದರೆ ಕಾಯುವುದು. ನಮ್ಮ ಕರಾವಳಿಯ ಗಾಳಿಗೆ ಮಳೆಗಾಲ ಬಿಟ್ಟರೆ ಒಂದು ದಿನಚರಿ ಉಂಟು. ನಸುಕಿನಲ್ಲಿ ಮೂಡಣದಿಂದ, ನೆಲದ ಕಡೆಯಿಂದ ತಂಪಾಗಿ ಬೀಸುತ್ತದೆ, ದೋಣಿಗಳನ್ನು ಹೊರಗೆ ಒಯ್ಯುತ್ತದೆ. ಒಂಬತ್ತು ಹತ್ತಕ್ಕೆ ನಿಂತೇ ಹೋಗುತ್ತದೆ, ಕಡಲು ಎಣ್ಣೆ ಬಳಿದ ಹಾಗೆ. ಮಧ್ಯಾಹ್ನದ ಮೇಲೆ ಪಡುವಣ-ಬಡಗಣ ಮೂಲೆಯಿಂದ ಎದ್ದು ಸಂಜೆಯವರೆಗೆ ಜೋರು. ಹಳಬರು ಈ ಗಡಿಯಾರಕ್ಕೇ ಬದುಕನ್ನು ಹೊಂದಿಸಿಕೊಂಡಿದ್ದರು.

ನಕ್ಷೆ ತೆಗೆದು ನೋಡಿ. ಮಂಗಳೂರಿನಿಂದ ಅಮಿನಿ ದ್ವೀಪ ನೈರುತ್ಯಕ್ಕೆ ಸುಮಾರು 300 ಕಿಲೋಮೀಟರ್. ಬೇಸಗೆಯ ಗಾಳಿ ಹೆಚ್ಚಾಗಿ ವಾಯವ್ಯದಿಂದ. ಅಂದರೆ ಹೋಗುವಾಗ ಗಾಳಿ ಬಲಬಗಲಿಗೆ, ಬರುವಾಗ ಎಡಬಗಲಿಗೆ. ಮೂರು ಮೂಲೆಯ ಹಾಯಿಗೆ ಇದಕ್ಕಿಂತ ಒಳ್ಳೆಯ ಗಾಳಿ ಇಲ್ಲ. ದ್ವೀಪದ ಓಡಗಳು ನಾರಿನ ಹುರಿ, ಕೊಬ್ಬರಿ ತುಂಬಿಕೊಂಡು ಮಂಗಳೂರಿಗೆ ಬಂದು ಅಕ್ಕಿ ಒಯ್ದದ್ದು, ಅಮಿನಿ ಸುತ್ತಲಿನ ದ್ವೀಪಗಳು 1956ರ ರಾಜ್ಯ ವಿಂಗಡಣೆಯವರೆಗೂ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇದ್ದದ್ದು, ಇದರಲ್ಲಿ ಈ ಗಾಳಿಯ ಪಾಲೂ ಇದೆ ಎಂದು ನನ್ನ ನಂಬಿಕೆ.

ಆದರೆ ಕರಾವಳಿಯುದ್ದಕ್ಕೆ ಬಂದರೆ ಆಟ ಬೇರೆ. ಬಡಗಿನಿಂದ ತೆಂಕಿಗೆ ಬರುವುದು ಸುಖ, ತೆಂಕಿನಿಂದ ಬಡಗಿಗೆ ಹೋಗುವುದು ದುಃಖ. ಗಾಳಿಯ ಎದುರಿಗೆ ನೇರವಾಗಿ ಯಾವ ಹಾಯಿಯೂ ಹೋಗದು, ಓರೆಯೋರೆಯಾಗಿ ಹೋಗಬೇಕು. ಹಳೆಯ ಮೂರು ಮೂಲೆಯ ಹಾಯಿಯಲ್ಲಿ ಪ್ರತಿ ತಿರುವಿಗೂ ಹಾಯಿ ಕಟ್ಟಿದ ಉದ್ದನೆಯ ಅಡ್ಡಮರವನ್ನೇ ಕೂವೆಮರದ ಆ ಬದಿಗೆ ಸಾಗಿಸಬೇಕು. ಆರೇಳು ಜನ ಹಗ್ಗ ಹಿಡಿದು ಕೂಗುತ್ತಾ ಮಾಡುವ ಕೆಲಸ. ನೀವು ಸಾಹಸದ ಪ್ರವಾಸ ಎಂದು ಹಣ ಕೊಟ್ಟಿದ್ದರೆ ಆ ಹಗ್ಗಕ್ಕೆ ಕೈ ಹಾಕಿ, ಅಂಗೈ ಸುಲಿಯಲಿ. ಅದನ್ನು ಮಾಡಲು ಬಿಡದ ಹಡಗಿನಲ್ಲಿ ನೀವು ಬರೀ ಲಗೇಜು.

ಮೊನ್ನೆ ಮೊನ್ನೆ ಉಡುಪಿಯ ಮೂವರು ಹುಡುಗರು ಇಲ್ಲೇ ಇಂಥದ್ದು ಶುರುಮಾಡುವ ಯೋಜನೆ ಹಿಡಿದು ಬಂದಿದ್ದರು. ಹಳೆಯ ಮಂಜಿ ಕೊಂಡು, ಹಾಯಿ ಹಾಕಿ, ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ. ಎರಡು ತಣ್ಣೀರು ಎರಚಬೇಕಾಯಿತು. ಸರಕಿನ ಹಡಗೆಂದು ನೋಂದಣಿಯಾದದ್ದರಲ್ಲಿ ಟಿಕೆಟ್ ಕೊಟ್ಟು ಜನ ಕೂರಿಸಲಾಗದು, ಪ್ರಯಾಣಿಕರ ಸರ್ವೆ, ಪರವಾನಗಿ ಎಲ್ಲ ಹೊಸದಾಗಿ ಆಗಬೇಕು. ಎರಡನೆಯದಾಗಿ, ಆ ದ್ವೀಪ ಇರುವುದು ಆರೇಳು ಕಿಲೋಮೀಟರ್ ದೂರ. ಹಾಯಿ ಎತ್ತಿ ಕಟ್ಟುವಷ್ಟರಲ್ಲಿ ಲಂಗರು ಹಾಕುವ ಹೊತ್ತಾಗುತ್ತದೆ.

ನಾನಾಗಿದ್ದರೆ ಹೀಗೆ ಮಾಡುತ್ತೇನೆ ಎಂದೆ. ಜನವರಿಯಿಂದ ಏಪ್ರಿಲ್ ಒಳಗೆ, ನಸುಕಿನ ನೆಲಗಾಳಿಗೆ ಮಲ್ಪೆ ಬಿಡಬೇಕು. ಗಾಳಿ ಸತ್ತ ಹೊತ್ತಿನಲ್ಲಿ ಗಂಜಿ, ಚಟ್ನಿ, ಒಣಮೀನು, ಗಾಳ ಹಾಕುವುದು. ಮಧ್ಯಾಹ್ನ ಗಾಳಿ ಎದ್ದ ಮೇಲೆ ತೆಂಕಿಗೆ. 1901ರ ಕಾಪು ದೀಪಸ್ತಂಭ ಎಡಕ್ಕೆ ಬಂಡೆಯ ಮೇಲೆ ಕಾಣುತ್ತದೆ, ಕಡಲಿನಿಂದ ನೋಡಿದವರಿಗೇ ಅದನ್ನು ಅಲ್ಲಿ ಯಾಕೆ ಕಟ್ಟಿದರೆಂದು ತಿಳಿಯುವುದು. ಮಲ್ಪೆಯಿಂದ ಮಂಗಳೂರಿನ ಅಳಿವೆಗೆ ಹೆಚ್ಚುಕಡಿಮೆ 30 ನಾಟಿಕಲ್ ಮೈಲಿ, ಗಂಟೆಗೆ ಐದರಂತೆ ಓಡಿದರೆ ಆರು ತಾಸು. ಕತ್ತಲಾದ ಮೇಲೆ ಅಳಿವೆ ನುಗ್ಗಬಾರದು. ಅಲ್ಲಿ ಮರಳದಿಬ್ಬದ ಮೇಲೆ ಇಳಿತದ ಹೊತ್ತಿನಲ್ಲಿ ಅಲೆ ಮುರಿಯುತ್ತದೆ, ಊರಿನ ತಂಡೇಲರೇ ಉಬ್ಬರಕ್ಕೆ ಕಾಯುತ್ತಾರೆ. ಹೊರಗೇ ಲಂಗರು ಹಾಕಿ, ದೀಪ ಹಚ್ಚಿ, ಒಬ್ಬ ಎಚ್ಚರವಿದ್ದು ಬೆಳಿಗ್ಗೆ ಒಳಗೆ ಬರಬೇಕು. ಅತಿಥಿಗಳನ್ನು ಉಡುಪಿಗೆ ಎಕ್ಸ್‌ಪ್ರೆಸ್ ಬಸ್ಸು ಹತ್ತಿಸಿ. ಹಡಗು ಬೇಕಾದಾಗ ಇಂಜಿನ್ ಹಾಕಿಕೊಂಡು ವಾಪಸು ಹೋಗಲಿ. ತೆಂಕಿಗೆ ಹಾಯಿ, ಬಡಗಿಗೆ ಬಸ್ಸು. ಹುಡುಗರು ನಕ್ಕರು, ಆದರೆ ಬರೆದುಕೊಂಡರು. "ತಂಡೇಲ ಯಾರು?" ಎಂದು ಕೇಳಿದೆ. ಅದನ್ನು ಅವರು ಯೋಚಿಸಿರಲಿಲ್ಲ. ವೆಬ್‌ಸೈಟ್ ರೆಡಿ ಇತ್ತು.

ವಾಂತಿಯ ಬಗ್ಗೆ ಕೇಳದವರಿಲ್ಲ. ಮಾತ್ರೆಯನ್ನು ಡಾಕ್ಟರ ಹತ್ತಿರ ವಿಚಾರಿಸಿ ಹೊರಡುವ ಮೊದಲೇ ತೆಗೆದುಕೊಳ್ಳಿ, ಶುರುವಾದ ಮೇಲೆ ನುಂಗಿದ್ದು ಕಡಲಿಗೇ ಹೋಗುತ್ತದೆ. ಹಡಗಿನ ನಡುಭಾಗದಲ್ಲಿ, ಡೆಕ್ಕಿನ ಮೇಲೆ ಕೂತು ಬಾನಂಚು ನೋಡಿ. ಕೆಳಗಿನ ಕೋಣೆಗೆ ಹೋಗಿ ಮೊಬೈಲ್ ನೋಡಿದಿರೋ, ಕೆಟ್ಟಿರಿ.

ಮಣಿಪಾಲದವರ ಕತೆ ಏನಾಯಿತು ಅಂತೀರಾ? ಮೂರಂತಸ್ತಿನದ್ದನ್ನು ಬಿಟ್ಟು, ಅಲ್ಲೇ ಇನ್ನೊಂದು ಚಿಕ್ಕ ಹಡಗು ಹಿಡಿದರು. ಒಂದೇ ಅಂತಸ್ತು, ಎಂಟೇ ಜನ, ಬಿಸಿನೀರಿಲ್ಲ. ಮೇ ತಿಂಗಳಲ್ಲಿ ಒಂದು ಸಂಜೆ ವಾಟ್ಸ್ಯಾಪಿಗೆ ಫೋಟೊ ಬಂತು. ಕಿತ್ತಳೆ ಆಕಾಶ ಇರಲಿಲ್ಲ. ಎತ್ತಿದ ಹಲಗೆ, ಟಾರ್ಚಿನ ಬೆಳಕು, ಕೆಳಗೆ ಕಪ್ಪು ನೀರು. ಅಡಿಯಲ್ಲಿ ಬರೆದಿದ್ದರು: "ತಳ ನೋಡಿದೆವು ಸಾರ್. ನಿನ್ನೆ ಎರಡು ಸಲ ಪಂಪು ಹಾಕಿದರಂತೆ. ಅರ್ಧ ಬಕೆಟ್ ನೀರು, ಒಂದು ಚಪ್ಪಲಿ. ಚಪ್ಪಲಿ ಇವರದ್ದೇ."